ಹಿಮನದಿಯ ಸುತ್ತ ಇಬ್ಬರು ಗೆಳೆಯರು: ‘ಲೆಟರ್ಸ್ ಫ್ರಮ್ ಐಸ್‌ಲೆಂಡ್’ — ಒಂದು ವಿಮರ್ಶೆ

ಪ್ರವಾಸಗ್ರಂಥದಿಂದ ವಾಚಕರು ಬಯಸುವುದು ಎರಡನ್ನು: ಕಾಣದ ನಾಡಿನ ವರ್ಣನೆ, ಕಂಡವನ ಮನಸ್ಸಿನ ಪರಿಚಯ. ಮೊದಲನೆಯದು ಮಾತ್ರ ಇದ್ದರೆ ಅದು ಭೂಗೋಳದ ಪಾಠ. ಎರಡನೆಯದೇ ಹೆಚ್ಚಿದರೆ ಆತ್ಮಪ್ರಶಂಸೆ. ಈ ಹದವನ್ನು ವಿಲಕ್ಷಣ ರೀತಿಯಲ್ಲಿ ಸಾಧಿಸಿದ ಒಂದು ಕೃತಿಯನ್ನು ಇಲ್ಲಿ ಪರಿಶೀಲಿಸಲು ಬಯಸುತ್ತೇವೆ. ಡಬ್ಲ್ಯು. ಎಚ್. ಆಡೆನ್ ಮತ್ತು ಲೂಯಿ ಮ್ಯಾಕ್‌ನೀಸ್ ಎಂಬ ಕವಿಮಿತ್ರರು ಕೂಡಿ ಬರೆದ ಈ ಗ್ರಂಥ 1937ರಲ್ಲಿ ಪ್ರಕಟವಾಯಿತು.

ಇಬ್ಬರೂ ಅಧ್ಯಾಪಕವೃತ್ತಿಯನ್ನು ಬಲ್ಲವರು; ಆಡೆನ್ ಶಾಲಾ ಉಪಾಧ್ಯಾಯನಾಗಿದ್ದವನು, ಮ್ಯಾಕ್‌ನೀಸ್ ಗ್ರೀಕ್ ಸಾಹಿತ್ಯವನ್ನು ಬೋಧಿಸುತ್ತಿದ್ದವನು. 1936ರ ಬೇಸಗೆಯಲ್ಲಿ ಆಡೆನ್ ಮೂರು ತಿಂಗಳು ಐಸ್‌ಲೆಂಡಿನಲ್ಲಿದ್ದ; ಆಗಸ್ಟಿನಲ್ಲಿ ಮ್ಯಾಕ್‌ನೀಸ್ ಬಂದು ಸೇರಿದ. ಅಲ್ಲಿಂದ ಒಂದು ಆಂಗ್ಲ ಶಾಲೆಯ ಹುಡುಗರು ಹಾಗೂ ಅವರ ಉಪಾಧ್ಯಾಯರ ಜೊತೆಗೂಡಿ, ಆ ದೇಶದ ಎರಡನೆಯ ದೊಡ್ಡ ಹಿಮರಾಶಿಯಾದ ಲಾಂಗ್‌ಯೋಕುಲ್ಲನ್ನು ಕುದುರೆಯ ಮೇಲೆ ಸುತ್ತಿಬಂದರು. ಆಡೆನ್ ಹಿಂದೆ ಕಲಿಸಿದ್ದ ಹುಡುಗನೊಬ್ಬನೂ ಆ ತಂಡದಲ್ಲಿದ್ದ.

ಗ್ರಂಥದ ರಚನೆ ಮೊದಲ ನೋಟಕ್ಕೆ ಅಸ್ತವ್ಯಸ್ತವೆನಿಸುತ್ತದೆ. ಗತಿಸಿ ನೂರು ವರ್ಷ ಕಳೆದಿದ್ದ ಬೈರನ್ನನಿಗೆ ಐದು ಭಾಗಗಳ ಪದ್ಯಪತ್ರ, ಮಿತ್ರರಿಗೆ ಗದ್ಯಪತ್ರಗಳು, ಪ್ರವಾಸಿಗಳಿಗೆ ಸಲಹೆ, ಹಿಂದಿನ ಯಾತ್ರಿಕರ ಮಾತುಗಳ ಸಂಕಲನ, ಕೊನೆಗೆ ಅಂಕಿ ಅಂಶಗಳ ನಕ್ಷೆಗಳು! ಗದ್ಯಪದ್ಯಗಳ ಬೆರಕೆ ಚಂಪೂವನ್ನು ಓದಿದ ನಮಗೆ ಹೊಸತಲ್ಲ. ಆದರೆ ಚಂಪೂವಿಗೆ ಕಥೆಯ ಸೂತ್ರವುಂಟು. ಇಲ್ಲಿ ಆ ಸೂತ್ರವೇನು? ಸಂಬೋಧನೆಯೇ ಸೂತ್ರವೆಂದು ನಮ್ಮ ಅಭಿಪ್ರಾಯ. ಬಹುಮಟ್ಟಿಗೆ ಪ್ರತಿಯೊಂದು ಅಧ್ಯಾಯವೂ ಒಬ್ಬರನ್ನುದ್ದೇಶಿಸಿದ್ದು. ಆದುದರಿಂದ ಲೇಖಕನು ಹಿಮಶಿಖರವನ್ನು ಕಂಡೊಡನೆ ಭಾವಪರವಶನಾಗಿ ಗಾಳಿಗೆ ಮಾತನಾಡುವ ಅಪಾಯವಿಲ್ಲ, ಕೇಳುವವನು ಎದುರಿಗಿದ್ದಾನೆ.

ಹಿಮನದಿಯ ಪ್ರದಕ್ಷಿಣೆಯ ವೃತ್ತಾಂತವನ್ನು ಮ್ಯಾಕ್‌ನೀಸ್ ತನ್ನ ಹೆಸರಿನಲ್ಲಿ ಹೇಳುವುದಿಲ್ಲ. ಹೆಟ್ಟಿ ಎಂಬ ಹೆಣ್ಣುಮಗಳು ಗೆಳತಿ ನ್ಯಾನ್ಸಿಗೆ ಬರೆದ ಪತ್ರವಾಗಿ ಅದು ಬರುತ್ತದೆ. ಆಡೆನ್ ಅಲ್ಲಿ ಮೇಸಿಯಾಗಿದ್ದಾನೆ. ಶಾಲೆಯ ಹುಡುಗರು ಹುಡುಗಿಯರಾಗಿದ್ದಾರೆ. ಮಳೆ, ಡೇರೆ, ಕುದುರೆ, ಜೊತೆಗಾರರ ಗೊಣಗಾಟ—ಇವೇ ಅಲ್ಲಿನ ವಸ್ತು. ಹಿಮರಾಶಿ ಅಂಚಿನಲ್ಲಿ ಉಳಿದುಬಿಡುತ್ತದೆ. ಇದು ಲೋಪವೆಂದು ಒಪ್ಪಲೇಬೇಕು. ಆದರೂ ಸ್ನೇಹಿತರೊಡನೆ ದೂರದಾರಿ ನಡೆದವರು ಈ ಪತ್ರದ ಸತ್ಯವನ್ನು ಅಲ್ಲಗಳೆಯಲಾರರು. ಸಾಹಸವನ್ನು ಉತ್ತಮ ಪುರುಷದಲ್ಲಿ ಹೇಳಿದ್ದರೆ ಅದು ಜಂಬವಾಗುತ್ತಿತ್ತು. ವೇಷ ಅದನ್ನು ತಪ್ಪಿಸಿದೆ.

ಹಾಗೆಂದು ಇದು ಬರಿಯ ವಿನೋದವೇ? ಅಲ್ಲ. ತಿಮಿಂಗಿಲವನ್ನು ಕೊಯ್ಯುವ ಸ್ಥಳದಲ್ಲಿ ಆಡೆನ್ ಕಂಡ ನೋಟವನ್ನು ಗಮನಿಸಬೇಕು. ಊಟದ ಗಂಟೆಯಾಯಿತು, ಕೆಲಸದವರು ಹೊರಟುಹೋದರು, ಅರ್ಧ ಕೊಯ್ದ ದೇಹ ಬಿಸಿಲಿನಲ್ಲಿ ಒಂಟಿಯಾಗಿ ಬಿದ್ದಿತ್ತು. ಮನುಷ್ಯನ ತಣ್ಣನೆಯ ಕ್ರೌರ್ಯವನ್ನು ದನಿಯೇರಿಸದೆ ಹೇಳಿದ ಭಾಗವಿದು. ಅದೇ ಜುಲೈನಲ್ಲಿ ಸ್ಪೇನಿನ ಅಂತರ್ಯುದ್ಧ ಆರಂಭವಾಗಿತ್ತು. ಮ್ಯಾಕ್‌ನೀಸನ ಸಂವಾದಕಾವ್ಯದಲ್ಲಿ, ಆರ್ನಾರ್‌ವಾತ್ನ್ ಬಯಲಿನಲ್ಲಿ ತಂಗಿದ ಇಬ್ಬರು ಪ್ರವಾಸಿಗಳ ಮುಂದೆ ಸಾಗಾಕಥೆಗಳ ಬಹಿಷ್ಕೃತ ವೀರ ಗ್ರೆಟ್ಟಿರನ ಪ್ರೇತ ಬಂದು ನಿಲ್ಲುತ್ತದೆ. ನೀವು ಬಿಟ್ಟುಬಂದಲ್ಲಿಗೇ ಹಿಂದಿರುಗಿರಿ ಎಂಬುದು ಅದರ ಬುದ್ಧಿವಾದ. ಸ್ವದೇಶದಲ್ಲಿಯೇ ಬಹಿಷ್ಕೃತನಾದವನ ಬಾಯಲ್ಲಿ ಈ ಮಾತನ್ನಿಟ್ಟಿರುವ ಔಚಿತ್ಯ ಮೆಚ್ಚತಕ್ಕದ್ದು. ಗ್ರಂಥದ ತಿರುಳು ಇಲ್ಲಿದೆ: ದೂರದ ಹಿಮ ಅಡಗುತಾಣವಲ್ಲ, ಊರನ್ನು ನೋಡಲು ಸಿಕ್ಕ ಎತ್ತರ.

ದೋಷವೊಂದನ್ನು ಹೇಳದಿರಲಾರೆವು. ಇಷ್ಟು ಪತ್ರಗಳಲ್ಲಿ ಐಸ್‌ಲೆಂಡಿನವನನ್ನು ಉದ್ದೇಶಿಸಿದ್ದು ಒಂದೇ. ಆತಿಥ್ಯ ನೀಡಿದ ಜನ ಬಹುಮಟ್ಟಿಗೆ ಹಿನ್ನೆಲೆಯಲ್ಲಿಯೇ ಉಳಿದಿದ್ದಾರೆ.

ಆ ಮೇಲೆ ಕಾಲ ಬದಲಾಯಿತು. 1974ರಲ್ಲಿ ಐಸ್‌ಲೆಂಡನ್ನು ಸುತ್ತುವ ರಾಜಮಾರ್ಗ ಪೂರ್ಣವಾಯಿತು. ಈಗ ಗೆಳೆಯರ ಗುಂಪುಗಳು ಅಡಿಗೆ, ಹಾಸಿಗೆಗಳನ್ನು ಮೋಟಾರಿನೊಳಗೇ ಇಟ್ಟುಕೊಂಡು ಹಿಮನದಿಗಳ ಬುಡದವರೆಗೆ ಹೋಗುತ್ತವೆ. ಹಾದಿ ಸುಲಭವಾಯಿತು, ಹಿಮ ಕರಗುತ್ತಿದೆ. ಲಾಂಗ್‌ಯೋಕುಲ್ಲಿನ ನೆರೆಯ ಓಕ್‌ಯೋಕುಲ್ ಹಿಮನದಿಯೆನಿಸಿಕೊಳ್ಳುವ ಅರ್ಹತೆಯನ್ನು ಕಳೆದುಕೊಂಡಿತೆಂದು 2014ರಲ್ಲಿ ವಿಜ್ಞಾನಿಗಳು ಸಾರಿದರು. 2019ರಲ್ಲಿ ಅಲ್ಲಿ ಒಂದು ಫಲಕವನ್ನು ನೆಟ್ಟರು. ಅದರ ಒಕ್ಕಣೆ ಆಂಡ್ರಿ ಸ್ನೈರ್ ಮಾಗ್ನಾಸೊನ್ ಎಂಬ ಐಸ್‌ಲೆಂಡಿನ ಲೇಖಕನದು. ಮುಂದಿನ ಕಾಲಕ್ಕೆ ಬರೆದ ಪತ್ರವೆಂಬುದೇ ಅದರ ತಲೆಬರಹ.

ಎಂಬತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಗೆಳೆಯರಿಬ್ಬರಲ್ಲಿ ಆಡೆನ್ ಸತ್ತ ಕವಿಗೆ ಪತ್ರ ಬರೆದ. ಹಿಮ ಇದ್ದೇ ಇರುತ್ತದೆಂದು ಅದನ್ನು ಅಂಚಿಗೆ ಸರಿಸಿದರು. ಇಂದು ಹುಟ್ಟದವರಿಗೆ ಪತ್ರ ಬರೆಯಬೇಕಾಗಿದೆ. ಅದರ ವಸ್ತು ಹಿಮವೇ. ಮಕ್ಕಳಿಗೆ ಪತ್ರಲೇಖನವನ್ನು ಕಲಿಸುವ ನಾವು ಈ ಎರಡನ್ನೂ ಜೊತೆಯಲ್ಲಿಟ್ಟು ಓದುವುದು ಒಳ್ಳೆಯದು.