ಜೂಲಿಯೆಟ್ಟಳು ಬದುಕಬೇಕಾಗಿತ್ತೆ?

ಷೇಕ್ಸ್‌ಪಿಯರ್ ಮಹಾಕವಿಯ ‘ರೋಮಿಯೊ ಮತ್ತು ಜೂಲಿಯೆಟ್’ ನಾಟಕವನ್ನು ಆಧರಿಸಿ ರಷ್ಯಾದೇಶದ ಸೆರ್ಗೆಯ್ ಪ್ರೊಕೋಫಿಯೆವನು 1935ರಲ್ಲಿ ‘ಬ್ಯಾಲೆ’ ಎಂಬ ಮೂಕನೃತ್ಯರೂಪಕಕ್ಕಾಗಿ ಸಂಗೀತವನ್ನು ರಚಿಸಿದನು. ಮಾತಿನ ಮಹಾಕವಿಯಿಂದ ಮಾತನ್ನೇ ಕಸಿದುಕೊಂಡರೆ ಉಳಿಯುವುದೇನೆಂದು ಶಂಕಿಸುವವರು ಇದನ್ನೊಮ್ಮೆ ಕೇಳಬೇಕು. ಬಾಲೆಯಾದ ಜೂಲಿಯೆಟ್ಟಳು ಕಾಣಿಸಿಕೊಂಡಾಗ ಪಿಟೀಲುಗಳು ಎಳೆಗರುವಿನಂತೆ ನೆಗೆದೋಡುತ್ತವೆ. ತುಸು ಹೊತ್ತಿನಲ್ಲಿಯೇ ಕೊಳಲು ಅವಳ ಮನಸ್ಸನ್ನು ಎಲ್ಲಿಗೋ ಸೆಳೆದೊಯ್ಯುತ್ತದೆ. ನಮ್ಮ ಕವಿಗಳು ವಯಸ್ಸಂಧಿಯೆಂದು ವರ್ಣಿಸುವ ಅವಸ್ಥೆ ಇದೇ ಅಲ್ಲವೆ? ಟಿಬಾಲ್ಟನು ಹತನಾದಾಗಲಾದರೋ ವಾದ್ಯವೃಂದವೆಲ್ಲವೂ ಒಂದೇ ಪೆಟ್ಟನ್ನು 15 ಸಲ ಹೊಡೆಯುತ್ತದೆ.

ನಾನಿಲ್ಲಿ ವಿಚಾರಿಸಬೇಕೆಂದಿರುವುದು ಅಂತ್ಯದ ವಿಷಯ. ಮೊದಲ ರಚನೆಯಲ್ಲಿ ಪ್ರೊಕೋಫಿಯೆವನು ಪ್ರೇಮಿಗಳನ್ನು ಬದುಕಿಸಿದ್ದನು. ಬದುಕಿರುವವರು ಕುಣಿಯಬಲ್ಲರು, ಸಾಯುತ್ತ ಮಲಗಿದವರು ಕುಣಿಯಲಾರರು ಎಂಬುದು ಅವನು ಕೊಟ್ಟ ಕಾರಣ. ಆಮೇಲೆ ಮನಸ್ಸನ್ನು ಬದಲಿಸಿ ಮರಣಾಂತ್ಯವನ್ನು ಬರೆದನು. 1940ರಲ್ಲಿ ಲೆನಿನ್‌ಗ್ರಾಡಿನಲ್ಲಿ ಗಲೀನಾ ಉಲಾನೋವಾ ಎಂಬ ನರ್ತಕಿ ಅಭಿನಯಿಸಿದ್ದು ಇದನ್ನೇ. ಬಿಟ್ಟುಹೋಗಿದ್ದ ಮೊದಲ ಅಂತ್ಯವು 2008ರಲ್ಲಿ ಅಮೆರಿಕದಲ್ಲಿ ಮಾರ್ಕ್ ಮಾರಿಸನ ನೃತ್ಯದೊಡನೆ ರಂಗವನ್ನೇರಿತು.

ಪಾಠಶಾಲೆಯಲ್ಲಿ ಅಲಂಕಾರಶಾಸ್ತ್ರವನ್ನು ಓದಿದ ನನಗೆ ಈ ಸಂಗತಿ ತಿಳಿದಾಗ ಸಂತೋಷವೇ ಆಯಿತೆಂದು ಒಪ್ಪಿಕೊಳ್ಳುತ್ತೇನೆ. ನಾಯಕವಧೆಯನ್ನು ರಂಗದ ಮೇಲೆ ತೋರಿಸಬಾರದೆಂದು ನಮ್ಮ ಲಾಕ್ಷಣಿಕರ ವಿಧಿ. (ಭಾಸನ ‘ಊರುಭಂಗ’ದ ಮಾತು ಬೇರೆ.) ಇದೇ ನಾಟಕದ ಹಳೆಯ ಕನ್ನಡ ರೂಪವಾದ ‘ರಾಮವರ್ಮ ಲೀಲಾವತಿ’ಯಲ್ಲಿಯೂ ಪ್ರೇಮಿಗಳು ದೈವಾನುಗ್ರಹದಿಂದ ಮರಳಿ ಜೀವಿಸುತ್ತಾರೆ. ಆದರೆ ಶಾಸ್ತ್ರಕಾರರ ದೃಷ್ಟಿ ರಸದ ಮೇಲೆ. ಪ್ರೊಕೋಫಿಯೆವನ ದೃಷ್ಟಿ ನರ್ತಕರ ಕಾಲಿನ ಮೇಲೆ! ಆ ಕಾರಣವಾದರೂ ನಿಲ್ಲಲಿಲ್ಲ. 1965ರಲ್ಲಿ ಲಂಡನ್ನಿನಲ್ಲಿ ಕೆನೆತ್ ಮ್ಯಾಕ್‌ಮಿಲನ್ನನು ಸಂಯೋಜಿಸಿದ ನೃತ್ಯದಲ್ಲಿ ರೋಮಿಯೊ ಅವಳ ನಿಶ್ಚೇಷ್ಟವಾದ ದೇಹವನ್ನೆತ್ತಿಕೊಂಡೇ ಕುಣಿಯುತ್ತಾನೆ. ಹಿಂದೆ ಅವಳು ತಾನಾಗಿ ಚಾಚಿದ್ದ ತೋಳು ಈಗ ಜೋತುಬೀಳುತ್ತದೆ. ಸತ್ತಂತಿರುವವಳೂ ಕುಣಿದ ಹಾಗಾಯಿತು.

ಇನ್ನು ರಸದ ಮಾತು. ‘ಕಾದಂಬರಿ’ಯಲ್ಲಿ ಪುಂಡರೀಕನು ಮೃತನಾದರೂ ಮಹಾಶ್ವೇತೆಗೆ ಪುನಃಸಮಾಗಮವಾಗುವುದೆಂದು ದಿವ್ಯವಾಣಿಯೊಂದು ಭರವಸೆ ಕೊಡುತ್ತದೆ. ಆದುದರಿಂದಲೇ ಅದನ್ನು ಶುದ್ಧಕರುಣವೆನ್ನದೆ ಕರುಣವಿಪ್ರಲಂಭವೆಂದರು. ಬಾಣನು ಆಶೆಯನ್ನು ಮೊದಲೇ ಬಿತ್ತಿದನು, ಬಳಿಕ ಬೆಳೆ ಕೊಯ್ದವನು ಅವನ ಮಗ. ಪ್ರೊಕೋಫಿಯೆವನ ಸಂಗೀತದಲ್ಲಿ ಅಂಥ ಬೀಜವೆಲ್ಲಿದೆ? ಆ 15 ಪೆಟ್ಟುಗಳ ತರುವಾಯ ಯಾವ ವಾದ್ಯವೂ ಭರವಸೆಯ ಮಾತನ್ನಾಡಿದಂತೆ ನನಗೆ ಕೇಳಿಸದು. ಅಲ್ಲಿ ಸುಖಾಂತ್ಯವನ್ನು ತಂದರೆ, ಬಿತ್ತದ ಹೊಲದಲ್ಲಿ ಕುಡುಗೋಲು ಹಿಡಿದು ನಿಂತಂತಾದೀತು. ಶಾಸ್ತ್ರದ ಅಕ್ಷರವನ್ನು ಬಿಟ್ಟು ಅದರ ಅಭಿಪ್ರಾಯವನ್ನು ಹಿಡಿದರೆ, ನಮ್ಮ ಲಾಕ್ಷಣಿಕರೂ ಇಲ್ಲಿ ಎರಡನೆಯ ಅಂತ್ಯವನ್ನೇ ಒಪ್ಪುತ್ತಿದ್ದರೆಂದು ನನ್ನ ನಂಬಿಕೆ. ಕಡೆಯಲ್ಲಿ, ಮೊದಲ ಅಂಕದಲ್ಲಿ ಕೊಳಲು ನುಡಿದಿದ್ದ ಅವಳ ಸ್ವರವೇ ಮರಳಿ ಬರುತ್ತದೆ. ಈಗ ಅದಕ್ಕೆ ಅವಸರವಿಲ್ಲ. ಒಮ್ಮೆ ಉಕ್ಕಿ ಮೇಲೇರಿ, ಮೆಲ್ಲನೆ ಇಳಿದು, ಕೇಳಿಯೂ ಕೇಳದಂತೆ ನಿಂತುಹೋಗುತ್ತದೆ.