ಮತ್ತಿಗಿರಿಯಿಂದ ಮರಳಿದ ಮೇಲೆ

ಬೆಂಗಳೂರಿನ ಸಭೆಗಳ ಯುವಕರು ಸುವಾರ್ತಾ ಪ್ರವಾಸಕ್ಕೆಂದು ಬಹುದೂರ ಹೋಗಬೇಕಿಲ್ಲ. ಅತ್ತಿಬೆಲೆಯ ಗಡಿ ದಾಟಿದರೆ ಹೊಸೂರು, ಅದರ ಮಗ್ಗುಲಲ್ಲೇ ಮತ್ತಿಗಿರಿ. ಹಗಲು ಮಕ್ಕಳಿಗೆ ರಜಾ ಬೈಬಲ್ ಶಾಲೆ, ಸಂಜೆ ಹಾಡು, ಪ್ರಾರ್ಥನೆ, ಮನೆಭೇಟಿ. ವಾಪಸಾದ ಭಾನುವಾರ ಆರಾಧನೆಯಲ್ಲಿ ಸಾಕ್ಷಿ ಹೇಳುವವರ ಗಂಟಲು ಕಟ್ಟುತ್ತದೆ. ಆ ಭಾವ ಸುಳ್ಳಲ್ಲ. ಆದರೂ ಕಾಲೇಜು ಶುರುವಾಗುವ ಹೊತ್ತಿಗೆ ಪ್ರವಾಸದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹುಟ್ಟುಹಬ್ಬದ ಶುಭಾಶಯಗಳಷ್ಟೇ ಉಳಿದಿರುತ್ತವೆ.

ಹುರುಪು ಆರದಂತೆ ಸಭೆಗಳು ಪುನರ್ಮಿಲನ ಕೂಟ ನಡೆಸುತ್ತವೆ, ಫೋಟೊ ತೋರಿಸುತ್ತವೆ, ವಿಶೇಷ ಪ್ರಾರ್ಥನೆ ಇಡುತ್ತವೆ. ಇವೆಲ್ಲ ಹೋಗಿಬಂದವರ ಮನಸ್ಸನ್ನು ಆರೈಕೆ ಮಾಡುತ್ತವೆ. ಅವರು ಹೋಗಿದ್ದ ಊರಿಗೆ ಇದರಲ್ಲಿ ಪಾಲೇ ಇಲ್ಲ. ಈ ಪದ್ಧತಿಯ ದೊಡ್ಡ ಕೊರತೆ ಇದೇ.

ಅಮೆರಿಕದ ಸಮಾಜಶಾಸ್ತ್ರಜ್ಞ ಕರ್ಟ್ ವೆರ್ ಬೀಕ್, 1998ರ ಮಿಚ್ ಚಂಡಮಾರುತದ ನಂತರ ಹೊಂಡುರಾಸಿಗೆ ಮನೆ ಕಟ್ಟಲು ಹೋದ ಕ್ರೈಸ್ತ ತಂಡಗಳನ್ನು ಅಧ್ಯಯನ ಮಾಡಿದರು. ಬದುಕೇ ಬದಲಾಯಿತೆಂದು ಹೇಳಿಕೊಂಡವರ ದಾನದಲ್ಲೂ ನಡೆಯಲ್ಲೂ ಉಳಿದ ಬದಲಾವಣೆ ತೀರ ಕಡಿಮೆ ಎಂದು ಕಂಡುಬಂತು. ಬೆನ್ನ ಹಿಂದೆ ನಿಂತು ವಿಚಾರಿಸುವವರಿಲ್ಲದಿದ್ದರೆ ಒಳ್ಳೆಯ ಸಂಕಲ್ಪವೂ ಸವೆಯುತ್ತದೆ.

ಸವೆಯದ ಸಂಕಲ್ಪಕ್ಕೆ ಕನ್ನಡಿಗರ ಕಣ್ಣ ಮುಂದೆಯೇ ದೊಡ್ಡ ಉದಾಹರಣೆಯಿದೆ. ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟ್ಟೆಲ್ 1853ರಲ್ಲಿ ಭಾರತಕ್ಕೆ ಬಂದರು. ಕೇಶಿರಾಜನ ಶಬ್ದಮಣಿದರ್ಪಣವನ್ನೂ ನಾಗವರ್ಮನ ಛಂದಸ್ಸನ್ನೂ ಸಂಪಾದಿಸಿದರು. ನಡುವೆ ಜರ್ಮನಿಗೆ ಹೋದವರು ಕನ್ನಡ ನಿಘಂಟಿನ ಕೆಲಸಕ್ಕಾಗಿ 1883ರಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ಮತ್ತೆ ಹಡಗು ಹತ್ತಿದರು. 1892ರಲ್ಲಿ ಕೊನೆಯ ಸಲ ತಾಯ್ನಾಡಿಗೆ ಹೊರಟಾಗಲೂ ಕನ್ನಡ ಅವರ ಜೊತೆಗೇ ಹೋಯಿತು. ಸುಮಾರು 70,000 ಪದಗಳ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅಷ್ಟಕ್ಕೇ ನಿಲ್ಲದೆ ವ್ಯಾಕರಣ ಬರೆದರು. ಅದು ಹೊರಬಂದದ್ದು ಅವರು ಟ್ಯೂಬಿಂಗೆನ್‌ನಲ್ಲಿ ತೀರಿಕೊಂಡ 1903ರಲ್ಲೇ. ಮತಪ್ರಚಾರಕರಾಗಿ ಅವರ ಸಾಧನೆಯನ್ನು ಬೇರೆಯಾಗಿಯೇ ಅಳೆಯಬೇಕು. ಆದರೆ ಮರಳಿದ ಮೇಲೆ ಅವರ ಚೇತನವನ್ನು ಕಾಪಾಡಿದ್ದು ದಿನನಿತ್ಯ ಮೇಜಿನ ಮೇಲೆ ಕಾದಿರುತ್ತಿದ್ದ ಕೆಲಸ, ಇನ್ನೂ ತೀರಿಸಬೇಕಾದ ಋಣ.

ಇದಕ್ಕೆ ತದ್ವಿರುದ್ಧವೆಂಬಂತೆ ಕಾಣುವವರು ಅಬ್ಬೆ ದುಬಾಯ್. ಮೈಸೂರು ಸೀಮೆಯಲ್ಲಿ ದುಡಿದು, ಸಿಡುಬಿನ ಲಸಿಕೆ ಹಾಕಿಸಲು ಶ್ರಮಿಸಿದ ಈ ಪಾದ್ರಿ 1823ರಲ್ಲಿ ಫ್ರಾನ್ಸಿಗೆ ಮರಳಿದರು. ಅದೇ ವರ್ಷ ಪ್ರಕಟವಾದ ಪತ್ರಗಳಲ್ಲಿ, ಹಿಂದೂಗಳ ಮತಾಂತರದ ಬಗ್ಗೆ ತಮಗೆ ಭರವಸೆ ಉಳಿದಿಲ್ಲವೆಂದು ನೇರವಾಗಿ ಬರೆದರು. ಸಭೆಗೆ ಹಿತವಾಗುವ ವರದಿ ಅದಾಗಿರಲಿಲ್ಲ. ಆದರೂ ಅವರು ಈ ನಾಡಿನ ನಂಟನ್ನು ಬಿಡಲಿಲ್ಲ. ಪಂಚತಂತ್ರವನ್ನು ಫ್ರೆಂಚಿಗೆ ತಂದರು, ಪ್ಯಾರಿಸ್ಸಿನ ಮಿಷನ್ ಗುರುಮಠದಲ್ಲಿ ಹೊಣೆ ಹೊತ್ತರು, 1848ರವರೆಗೆ ಬದುಕಿದರು. ಇಂಥ ಪ್ರಾಮಾಣಿಕ ನಿರಾಶೆಗೆ ಇಂದಿನ ಸಾಕ್ಷಿ ಕೂಟಗಳಲ್ಲಿ ಜಾಗವಿಲ್ಲದಿರುವುದು ಬೇಸರದ ಸಂಗತಿ.

ಮರಳಿದವರಿಗೆ ಬೈಬಲ್ಲಿನಲ್ಲೂ ಮಾದರಿಯಿದೆ. ಅಪೊಸ್ತಲರ ಕೃತ್ಯಗಳಲ್ಲಿ ಪೌಲ, ಬಾರ್ನಬರು ಅಂತಿಯೋಕ್ಯಕ್ಕೆ ಮರಳಿ ಸಭೆ ಕೂಡಿಸಿ ವರದಿ ಒಪ್ಪಿಸುತ್ತಾರೆ. ಮುಂದೆ ಪೌಲನಿಗೆ ತೋಚುವುದು, ಹಿಂದೆ ಹೋಗಿದ್ದ ಊರುಗಳ ಸಹೋದರರು ಹೇಗಿದ್ದಾರೆಂದು ಮತ್ತೆ ಹೋಗಿ ನೋಡಬೇಕೆಂಬುದೇ.

ಮತ್ತಿಗಿರಿಗೆ ಹೋಗಿಬಂದವರಿಗೆ ಈ ದಾರಿ ಇನ್ನೂ ಸುಲಭ. ಹೊಸೂರು ಸೀಮೆಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಕಲೆತಿವೆ. ತಮಿಳುನಾಡಿನ ಶಾಲೆಗಳಲ್ಲಿ 2006ರ ಕಾಯ್ದೆ ತಮಿಳನ್ನು ಕಡ್ಡಾಯಗೊಳಿಸಿತು. ಹೀಗಿರುವಾಗ, ಮನೆಯಲ್ಲಿ ಕನ್ನಡ ಆಡುವ ಮಗು ಕನ್ನಡ ಓದಬಲ್ಲದೆಂದು ನಂಬಿ ಕರಪತ್ರ ಹಂಚುವ ತಂಡ, ಆ ಮಗುವನ್ನು ಇನ್ನೂ ವಿಚಾರಿಸಿಲ್ಲವೆಂದೇ ಅರ್ಥ. ಪ್ರವಾಸದ ನಂತರದ ವರ್ಷವಿಡೀ ತಂಡದವರು ಒಂದಿಷ್ಟು ತಮಿಳು ಕಲಿಯಲಿ. ಅಲ್ಲಿನ ಪಾಸ್ಟರಿಗೆ ಫೋನ್ ಮಾಡಿ, ಏನು ಬೇಕೆಂದು ಅವರನ್ನೇ ಕೇಳಲಿ. ಬೇಸಿಗೆಯಲ್ಲಿ ಹಾಡು ಕಲಿತ ಮಕ್ಕಳನ್ನು ಪರೀಕ್ಷೆಯ ಸಮಯದಲ್ಲೂ ಹೋಗಿ ಕಾಣಲಿ. ಪುನರ್ಮಿಲನ ಕೂಟವನ್ನೂ ಬೆಂಗಳೂರಿನ ಸಭಾಂಗಣದ ಬದಲು ಮತ್ತಿಗಿರಿಯಲ್ಲೇ ಇಟ್ಟುಕೊಳ್ಳಲಿ. ಅಲ್ಲಿ ಮೊದಲು ಮಾತಾಡುವವರು ಊರಿನವರಾಗಿರಲಿ.