ಡಿಜಿಟಲ್ ರಿಲೇ ಬಂತು, ಹಳೆಯ ಸೂತ್ರ ಉಳಿಯಿತು

‘ಟ್ರಾನ್ಸ್‌ಫಾರ್ಮರಿನ ಸ್ಟಾರ್ ಬದಿಯ ಸಿ.ಟಿ.ಗಳನ್ನು ಡೆಲ್ಟಾದಲ್ಲಿ, ಡೆಲ್ಟಾ ಬದಿಯವನ್ನು ಸ್ಟಾರ್‌ನಲ್ಲಿ ಜೋಡಿಸಬೇಕು.’ ಡಿಫರೆನ್ಷಿಯಲ್ ರಿಲೇಯ ಪಾಠ ಬಂದೊಡನೆ ವಿದ್ಯಾರ್ಥಿಗಳು ಒಪ್ಪಿಸುವ ಸೂತ್ರವಿದು. ಸೂತ್ರದಲ್ಲಿ ದೋಷವಿಲ್ಲ, ಕಾರಣ ಬಿಟ್ಟು ಅದನ್ನು ಕಲಿಸುವುದರಲ್ಲಿದೆ.

ಟ್ರಾನ್ಸ್‌ಫಾರ್ಮರಿನ ಒಳಹೋಗುವ ಮತ್ತು ಹೊರಬರುವ ವಿದ್ಯುತ್ ಪ್ರವಾಹಗಳನ್ನು ಈ ರಿಲೇ ಹೋಲಿಸುತ್ತದೆ. ಡೆಲ್ಟಾ-ಸ್ಟಾರ್ ಸುರುಳಿಗಳಿದ್ದರೆ ಎರಡೂ ಬದಿಯ ಪ್ರವಾಹಗಳ ನಡುವೆ 30 ಡಿಗ್ರಿ ಅಂತರವಿರುತ್ತದೆ. ಹಳೆಯ ಯಾಂತ್ರಿಕ ರಿಲೇಗೆ ಗಣಿತ ಬಾರದು. ಆದ್ದರಿಂದ ಆ ಅಂತರವನ್ನು ಸಿ.ಟಿ. ತಂತಿಗಳ ಜೋಡಣೆಯಲ್ಲೇ ಸರಿದೂಗಿಸಬೇಕಿತ್ತು. ಡಿಜಿಟಲ್ ರಿಲೇ ಅದನ್ನು ತಾನೇ ಲೆಕ್ಕ ಹಾಕುತ್ತದೆ. ಸಾಮಾನ್ಯವಾಗಿ ಅದಕ್ಕೆ ಎರಡೂ ಬದಿಯ ಸಿ.ಟಿ.ಗಳು ಸ್ಟಾರ್‌ನಲ್ಲಿದ್ದರೆ ಸಾಕು.

ಹಳೆಯ ಫಲಕದಲ್ಲಿ ಹೊಸ ರಿಲೇ ಕೂರಿಸಿ, ಸಿ.ಟಿ.ಗಳನ್ನು ಡೆಲ್ಟಾದಲ್ಲೇ ಬಿಟ್ಟು, ರಿಲೇಗೂ ‘ಡಿ-ವೈಎನ್-11’ ಎಂದು ತಿಳಿಸಿದರೆ ಏನಾದೀತು? ತಿದ್ದುಪಡಿ ಎರಡು ಸಲ ನಡೆಯುತ್ತದೆ. ಪ್ರವಾಹಗಳ ಪ್ರಮಾಣ ಸರಿಹೊಂದಿದ್ದರೂ 30 ಡಿಗ್ರಿ ಉಳಿಯುತ್ತದೆ. ಆಗ ವ್ಯತ್ಯಾಸ ಪ್ರವಾಹ ಹೊರೆಯ ಶೇ. 52ರಷ್ಟು. ರಿಲೇಯ ಆರಂಭಿಕ ಮಿತಿ ಶೇ. 30 ಇದ್ದರೆ, ಪೂರ್ಣ ಹೊರೆಯ ಮೂರನೇ ಒಂದು ಭಾಗದವರೆಗೆ ರಿಲೇ ಸುಮ್ಮನಿರುತ್ತದೆ, ಹೊರೆ ಶೇ. 58 ದಾಟುತ್ತಿದ್ದಂತೆ ಟ್ರಿಪ್!

ಹೇಮಗುಡ್ಡ, ಗಂಗಾವತಿ ಕಡೆಯ ಹೊರೆಯನ್ನು ನೆನೆಯಿರಿ. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ, ಅದರ ಅಕ್ಕಿ ಗಿರಣಿಗಳು. ಹೊರೆ ಕಡಿಮೆ ಇದ್ದಾಗ ಪರೀಕ್ಷಿಸಿ ‘ಸರಿಯಿದೆ’ ಎಂದು ಬರೆದ ರಿಲೇ, ಗಿರಣಿಗಳೆಲ್ಲ ಓಡುವಾಗ ವಿದ್ಯುತ್ ಕಡಿಯುತ್ತದೆ. ಬೈಗುಳ ಮಾತ್ರ ಟ್ರಾನ್ಸ್‌ಫಾರ್ಮರಿಗೆ.

ಇದಕ್ಕಿಂತ ಕೆಟ್ಟದ್ದು ಇದರ ಸುಲಭ ಪರಿಹಾರ. ಮಿತಿಯನ್ನು ಶೇ. 60ಕ್ಕೆ ಏರಿಸಿದರೆ ಟ್ರಿಪ್ ನಿಲ್ಲುತ್ತದೆ ನಿಜ. ಆದರೆ ಸುರುಳಿಯ ಕೆಲವೇ ಸುತ್ತುಗಳ ನಡುವೆ ಹುಟ್ಟುವ ದೋಷ ರಿಲೇಯ ಕಣ್ಣಿಗೆ ಬೀಳದು. ಆಗ ಎಣ್ಣೆಯಲ್ಲಿ ಏಳುವ ಅನಿಲವನ್ನು ಹಿಡಿಯುವ ಬುಕ್‌ಹೋಲ್ಟ್ಸ್ ರಿಲೇಯೇ ಗತಿ. ಅದು 1921ರ ಉಪಕರಣ, ಲೆಕ್ಕ ಅದಕ್ಕೂ ಬಾರದು.

ಉತ್ತರ ರಿಲೇಯೊಳಗೇ ಇರುತ್ತದೆ. ಟ್ರಿಪ್ ಆದ ಕ್ಷಣದ ಅಲೆರೂಪವನ್ನು ಅದು ದಾಖಲಿಸಿಡುತ್ತದೆ. ಎರಡನೆಯ ಹಾರ್ಮೋನಿಕ್ ಹೆಚ್ಚಿದ್ದರೆ ಚಾಲೂ ಮಾಡಿದಾಗಿನ ಕಾಂತೀಕರಣ ಪ್ರವಾಹವನ್ನು ಶಂಕಿಸಬೇಕು. ಶುದ್ಧ 50 ಹರ್ಟ್ಸ್ ಅಲೆ, ಅದೂ ಹೊರೆಯೊಡನೆ ಏರುವಂಥದ್ದು ಕಂಡರೆ ಜೋಡಣೆಯನ್ನೂ ಸೆಟ್ಟಿಂಗನ್ನೂ ನೋಡಬೇಕು. ದಾಖಲೆ ಓದದೆ ರೀಸೆಟ್ ಒತ್ತುವುದಾದರೆ ದುಬಾರಿ ರಿಲೇ ಏಕೆ?

ಇದನ್ನು ಕಲಿಸಲು ರಿಲೇಯೇ ಬೇಕೆಂದಿಲ್ಲ. ಸಮಾನ ಎತ್ತರದ, 30 ಡಿಗ್ರಿ ಅಂತರದ ಎರಡು ಸೈನ್ ಅಲೆಗಳನ್ನು ಗ್ರಾಫ್ ಹಾಳೆಯಲ್ಲಿ ಬರೆಸಿ, ಒಂದರಿಂದ ಇನ್ನೊಂದನ್ನು ಕಳೆಯಿಸಿ. 0.52 ಎಲ್ಲಿಂದ ಬಂತೆಂದು ವಿದ್ಯಾರ್ಥಿಗೆ ತಾನೇ ಕಾಣುತ್ತದೆ.